ರಜೆಯ ದಿನ ತೆರೆದಿಟ್ಟ ನಿಘಂಟು

ಜುಲೈ 1ರ ಬೆಳಗ್ಗೆ ಆರು ಗಂಟೆಗೆ ಮೊದಲೇ ಜಿಲ್ಲಾಧಿಕಾರಿಗಳ ಆದೇಶ ಮೊಬೈಲಿಗೆ ಬಂದಿತ್ತು. ಭಾರೀ ಮಳೆ, ಶಾಲೆ ಕಾಲೇಜುಗಳಿಗೆ ರಜೆ. ರಜೆ ವಿದ್ಯಾರ್ಥಿಗಳಿಗೆ, ಸಿಬ್ಬಂದಿ ಹೋಗಲೇಬೇಕು. ಹೋಗಬೇಕಾಗಿಲ್ಲವೆಂದು ಯಾರಾದರೂ ಹೇಳಿದ್ದರೂ ನಾನು ಹೋಗುತ್ತಿದ್ದೆ. ನಾನು ಕಾಲೇಜಿನ ಗ್ರಂಥಪಾಲಕಿ. ಗ್ರಂಥಾಲಯದ ಆ ತಿಂಗಳ ಪುಸ್ತಕ ಪ್ರದರ್ಶನಕ್ಕಾಗಿ ಹದಿನೈದು ದಿನಗಳಿಂದ ಸಿದ್ಧತೆ ನಡೆಸಿದ್ದೆ, ಅದನ್ನು ಒಂದನೇ ತಾರೀಖಿಗೇ ಜೋಡಿಸಬೇಕೆಂಬ ಹಟವಿತ್ತು.

ಆ ತಾರೀಖಿಗೆ ಕಾರಣವಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ಹೊರತಂದರು. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮುಂದಿನ ವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಇದನ್ನೆಲ್ಲ ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿ ಬಲ್ಲರು. ಆದರೆ ಆ ಕೆಲಸ ನಡೆದ ಊರಿನಲ್ಲಿಯೇ ತಾವು ದಿನವೂ ಬಸ್ಸಿಳಿಯುತ್ತೇವೆ ಎಂಬುದು ಅವರ ಮನಸ್ಸಿಗೆ ತಟ್ಟಿದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಅಟೆಂಡರಣ್ಣ ನನಗಿಂತ ಮೊದಲೇ ಬಂದು ಕಪಾಟುಗಳ ಒಳಗಿನ ಬಲ್ಬುಗಳನ್ನು ಹೊತ್ತಿಸಿದ್ದರು. ಕರಾವಳಿಯ ಮಳೆಗಾಲದಲ್ಲಿ ಪುಸ್ತಕ ಕಾಯುವುದೆಂದರೆ ಇದೇ ಕೆಲಸ: ಬಲ್ಬಿನ ಬಿಸಿಯಲ್ಲಿ ಕಪಾಟನ್ನು ಒಣಗಿಸುವುದು, ಬೂಷ್ಟು ಬಂದ ರಟ್ಟನ್ನು ಒಣಬಟ್ಟೆಯಿಂದ ಒರೆಸುವುದು. ಜೂನ್ ತಿಂಗಳಲ್ಲಿ ಬಂದ ಹೊಸ ಪುಸ್ತಕಗಳು ಮೇಜಿನ ಮೇಲಿದ್ದವು. ಒಂದೊಂದನ್ನೂ ದಾಖಲೆ ಪುಸ್ತಕಕ್ಕೆ ಏರಿಸಿ, ಶೀರ್ಷಿಕೆ ಪುಟಕ್ಕೂ ಒಳಗೆ ನಾವೇ ಗೊತ್ತುಮಾಡಿಕೊಂಡ ಗುಟ್ಟಿನ ಪುಟಕ್ಕೂ ಮೊಹರು ಒತ್ತಿ, ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸಿ ಆಗಿತ್ತು. ಆದರೆ ಗಾಳಿಯ ತೇವಕ್ಕೆ ಅಂಟು ಹಿಡಿಯದೆ ಚೀಟಿಗಳ ತುದಿ ಮತ್ತೆ ಮತ್ತೆ ಏಳುತ್ತಿತ್ತು. ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ಹಿಡಿದು ಹತ್ತು ಎಣಿಸುತ್ತಾ ಕುಳಿತೆ.

ಹೊಸ ಪುಸ್ತಕಗಳ ಪಕ್ಕದಲ್ಲಿ ಈ ಸಲ ಒಂದು ಹಳೆಯದನ್ನೂ ಇಟ್ಟೆ: ಕಿಟ್ಟೆಲ್ ನಿಘಂಟು. ಸುಮಾರು 70,000 ಪದಗಳ ಈ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ನಮ್ಮಲ್ಲಿರುವುದು ಆ ಮೊದಲ ಮುದ್ರಣವಲ್ಲ, ಮದ್ರಾಸು ವಿಶ್ವವಿದ್ಯಾನಿಲಯ ಆಮೇಲೆ ಪರಿಷ್ಕರಿಸಿ ತಂದ ಸಂಪುಟಗಳು. ಬೀಗ ಹಾಕಿದ ಗಾಜಿನ ಕಪಾಟಿನಿಂದ ಹೊರತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಎರಡು ಹಾಳೆಗಳು ಅಂಟಿಕೊಂಡಿದ್ದವು. ಕಾಗದ ಕತ್ತರಿಸುವ ಮೊಂಡು ಚಾಕುವಿನಿಂದ ನಿಧಾನವಾಗಿ ಬಿಡಿಸಿದೆ.

ಒಂಬತ್ತೂವರೆಯ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಮೊಣಕಾಲಿನವರೆಗೆ ಬಟ್ಟೆ ಒದ್ದೆ, ಕೊಡೆಯ ಒಂದು ಕಡ್ಡಿ ಮುರಿದಿತ್ತು. ಎರಡನೇ ವರ್ಷದ ಬಿ.ಕಾಂ. ವಿದ್ಯಾರ್ಥಿನಿ, ಬಿ.ಸಿ. ರೋಡಿನ ಕಡೆಯವಳು.

“ರಾತ್ರಿ ಪೂರ್ತಿ ಕರೆಂಟ್ ಇರಲಿಲ್ಲ ಮೇಡಂ. ಮೊಬೈಲ್ ಸತ್ತುಹೋಗಿತ್ತು. ಇಲ್ಲಿಗೆ ಬಂದ ಮೇಲೆಯೇ ರಜೆಯೆಂದು ಗೊತ್ತಾದದ್ದು.”

ಆ ಮಳೆಯಲ್ಲಿ ಅವಳನ್ನು ಮತ್ತೆ ಬಸ್ ನಿಲ್ದಾಣಕ್ಕೆ ಕಳುಹಿಸುವ ಮನಸ್ಸಾಗಲಿಲ್ಲ. ಕೊಡೆಯನ್ನು ಬಕೆಟ್ಟಿನಲ್ಲಿ ಇಡಿಸಿ, ನನ್ನ ಮೇಜಿನ ಫೋನಿನಿಂದ ಮನೆಗೆ ಸುದ್ದಿ ಹೇಳಿಸಿದೆ. ಅಟೆಂಡರಣ್ಣ ತಮ್ಮ ಫ್ಲಾಸ್ಕಿನ ಚಹಾ ಕೊಟ್ಟರು. ಚಹಾ ಮುಗಿಸಿ ಎದ್ದವಳು ಪ್ರದರ್ಶನದ ಮೇಜಿನ ಮುಂದೆ ನಿಂತಳು. ನಿಘಂಟಿನ ಹತ್ತಿರ ಕೈ ತಂದು ಹಿಂದಕ್ಕೆಳೆದುಕೊಂಡಳು.

“ಇದನ್ನು ಮುಟ್ಟಬಹುದೇ ಮೇಡಂ?”

ಆ ಪ್ರಶ್ನೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಹನ್ನೊಂದು ವರ್ಷಗಳಿಂದ ನಾನು ಆ ಕಪಾಟಿನ ಬೀಗದ ಕೈಯನ್ನು ನನ್ನ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ. ಪುಸ್ತಕ ಕೆಡಬಾರದೆಂಬ ಕಾಳಜಿಯೇ ಅದು. ಆದರೆ ಗಾಜಿನ ಆಚೆ ನಿಂತ ಮಕ್ಕಳು, ಇದು ನಮಗಲ್ಲ ಎಂದುಕೊಂಡು ಮುಂದೆ ಹೋಗಿದ್ದರು.

“ಮುಟ್ಟು. ನಿನಗಾಗಿಯೇ ತೆಗೆದಿಟ್ಟದ್ದು,” ಎಂದೆ.

ಯಾವ ಪದ ನೋಡಲಿ ಎಂದು ಕೇಳಿದಳು. ಬಕೆಟ್ಟಿನಲ್ಲಿದ್ದ ಅವಳ ಕೊಡೆಯೇ ಕಣ್ಣಿಗೆ ಬಿತ್ತು. ‘ಕೊಡೆ’ ನೋಡು ಎಂದೆ. ಕಾಗುಣಿತದ ಕ್ರಮವನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಹಾಳೆ ಮಗುಚಿದಳು. ಸಿಕ್ಕಿದಾಗ ಬೆರಳನ್ನು ಅಲ್ಲೇ ಊರಿ ನಿಂತಳು. ಈ ನಿಘಂಟಿನಲ್ಲಿ ಕನ್ನಡ ಪದದ ಜೊತೆಗೆ ತುಳು, ತಮಿಳು, ಮಲಯಾಳ, ತೆಲುಗಿನ ನಂಟು ಪದಗಳನ್ನು ತೋರಿಸುವ ಕ್ರಮವಿದೆ. ಅದನ್ನು ವಿವರಿಸಿ, ತಮಿಳಿನಲ್ಲಿ ‘ಕುಡೈ’, ಮಲಯಾಳದಲ್ಲಿ ‘ಕುಡ’, ತುಳುವಿನಲ್ಲೂ ‘ಕೊಡೆ’ ಎಂದೆ.

“ನಮ್ಮ ಅಜ್ಜಿ ಕಾಸರಗೋಡಿನವರು ಮೇಡಂ, ‘ಕುಡ’ ಎಂದೇ ಹೇಳುತ್ತಾರೆ. ಅವರಿಗೆ ಕನ್ನಡ ಸರಿಯಾಗಿ ಬರುವುದಿಲ್ಲವೆಂದು ನಾವು ಮಕ್ಕಳೆಲ್ಲ ನಗುತ್ತಿದ್ದೆವು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ನಿಜವಾಗಿಯೂ ಮಂಗಳೂರಿನಲ್ಲಿಯೇ ಅಚ್ಚಾದದ್ದೇ?” ಎಂದಳು. ಬಲ್ಮಠದ ಗುಡ್ಡ ಇರುವ ದಿಕ್ಕಿಗೆ ಕಿಟಕಿಯಲ್ಲಿ ಕೈ ತೋರಿಸಿದೆ. ಮಳೆಯಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಆದರೂ ಅವಳು ಬಹಳ ಹೊತ್ತು ಆ ಕಡೆಗೇ ನೋಡಿದಳು.

ಮಧ್ಯಾಹ್ನ ಮಳೆ ಇಳಿದ ಮೇಲೆ ಅವಳು ಹೋದಳು. ನಾನು ಅಷ್ಟರಲ್ಲಿ ಮುಗಿಸಿಟ್ಟಿದ್ದ ‘ಗ್ರಂಥಾಲಯ ವಾರ್ತೆ’ಯನ್ನು ಎದುರಿಗಿಟ್ಟುಕೊಂಡೆ. ತಿಂಗಳಿಗೊಂದು ಹಾಳೆ, ಪ್ರತಿ ವಿಭಾಗಕ್ಕೂ ಹೋಗುತ್ತದೆ. ಲೇಖಕ, ಶೀರ್ಷಿಕೆ, ಪ್ರಕಾಶಕ, ಬೆಲೆ ಎಂಬ ಪಟ್ಟಿ. ವಿದ್ಯಾರ್ಥಿಗೆ ಬೆಲೆ ಯಾಕೆ ಬೇಕು? ಅದು ಲೆಕ್ಕಪತ್ರಕ್ಕೆ ಬೇಕಾದದ್ದು. ಆ ಕಾಲಂ ತೆಗೆದುಹಾಕಿದೆ. ಹೊಸ ಪುಸ್ತಕಗಳಲ್ಲಿ ನಾನೇ ಓದಿದ್ದ ಐದನ್ನು ಆರಿಸಿ, ಒಂದೊಂದರಲ್ಲಿ ಏನಿದೆ, ಯಾರಿಗೆ ಹಿಡಿಸೀತು ಎಂದು ಎರಡೆರಡು ಸಾಲು ಬರೆದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ಗಾಜಿನ ಕಪಾಟಿಗೆ ಇನ್ನು ಬೀಗವಿಲ್ಲ, ಯಾರು ಬೇಕಾದರೂ ತೆರೆಯಬಹುದು.

ಆ ವಾರ ಅವಳು ಮೂವರು ಗೆಳತಿಯರನ್ನು ಕರೆದುಕೊಂಡು ಬಂದಳು. ನಾಲ್ವರೂ ನಿಘಂಟಿನ ಸುತ್ತ ತಲೆಗೆ ತಲೆ ತಾಗಿಸಿ ನಿಂತು ಅಡುಗೆಮನೆಯ ಪದಗಳನ್ನು ಹುಡುಕಿದರು. ಓದುವ ಕೋಣೆಯಲ್ಲಿ ಗಲಾಟೆಯಾಯಿತೆಂದು ದೂರು ಬಂತು. ನಾನು ಗದರಿಸಲಿಲ್ಲ.

ಆಗಸ್ಟ್ 12 ಎಸ್. ಆರ್. ರಂಗನಾಥನ್ ಅವರ ಜನ್ಮದಿನ, ಗ್ರಂಥಪಾಲಕರ ದಿನ. ಗಣಿತದ ಅಧ್ಯಾಪಕರಾಗಿದ್ದವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಕೊಟ್ಟರು. ಮೂರನೆಯ ಸೂತ್ರ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು. ಪ್ರತಿ ವರ್ಷ ಅವರ ಭಾವಚಿತ್ರಕ್ಕೆ ಹಾರ ಹಾಕಿ ಐದೂ ಸೂತ್ರಗಳನ್ನು ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕುತ್ತಿದ್ದೆ. ಈ ಸಲ ಏನು ಮಾಡೋಣ ಎಂದು ಆ ಹುಡುಗಿಯನ್ನೇ ಕೇಳಿದೆ. ಯಾರೂ ತೆಗೆದುಕೊಂಡು ಹೋಗದ ಪುಸ್ತಕಗಳನ್ನು ಇಡೋಣ ಮೇಡಂ ಎಂದಳು.

ಕನ್ನಡ ಸಾಹಿತ್ಯದ ಪುಸ್ತಕಗಳು ನಮ್ಮಲ್ಲಿ 894.814 ಎಂಬ ವರ್ಗೀಕರಣ ಸಂಖ್ಯೆಯಡಿ ಇವೆ. ನಾಲ್ವರು ಹುಡುಗಿಯರು ಎರಡು ಸಂಜೆ ಆ ಸಾಲುಗಳ ನಡುವೆ ಕುಳಿತು ಒಂದೊಂದೇ ಪುಸ್ತಕದ ತಾರೀಖಿನ ಚೀಟಿ ನೋಡಿದರು. ಕೆಲವು ಚೀಟಿಗಳು ಅಂಟಿಸಿದ ದಿನದಂತೆಯೇ ಖಾಲಿ. ಕೆಲವಲ್ಲಿ ಒಂದೇ ಒಂದು ಮೊಹರು, ಅದೂ ಮಾಸಿದ್ದು. ಅವನ್ನೆಲ್ಲ ಮೇಜಿನ ಮೇಲೆ ಮುಖಪುಟ ಕಾಣುವಂತೆ ನಿಲ್ಲಿಸಿ, ಪಕ್ಕದಲ್ಲಿ ಚೀಟಿಯನ್ನೂ ತೆರೆದಿಟ್ಟೆವು.

ಪ್ರದರ್ಶನದ ಮೊದಲ ಪುಸ್ತಕವನ್ನು ಅವಳೇ ತೆಗೆದುಕೊಂಡಳು, ಒಂದು ತೆಳ್ಳಗಿನ ಕಥಾಸಂಕಲನ. ಅದರ ಚೀಟಿಯಲ್ಲಿದ್ದ ಒಂದೇ ಮೊಹರು 2003ರದ್ದು. ಕೆಳಗಿನ ಗೆರೆಯಲ್ಲಿ ಹೊಸ ತಾರೀಖು ಒತ್ತಿದೆ. ಹೊರಗೆ ಮಳೆ, ಶಾಯಿ ಬೇಗ ಒಣಗುವ ಹಾಗಿರಲಿಲ್ಲ. ಎದುರು ಪುಟಕ್ಕೆ ಅಂಟದಿರಲೆಂದು ಅವಳು ಪುಸ್ತಕವನ್ನು ಅಂಗೈ ಮೇಲೆ ತೆರೆದು ಹಿಡಿದು ಫ್ಯಾನಿನ ಕೆಳಗೆ ನಿಂತಳು.