ಅಂತರಗಂಗೆ ಹತ್ತಿದರೆ ಶುಗರ್ ಏಕೆ ಏರುತ್ತಿತ್ತು?

ಕೊನೆಗೂ ಗುಟ್ಟು ಸಿಕ್ಕಿತು! ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿ ಶುಗರ್ ನೋಡಿದರೆ 118. ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಕಡೆ ಕೂತು ಮತ್ತೆ ಬೆರಳು ಚುಚ್ಚಿದರೆ 172. ಕಾಫಿ ಕೂಡ ಕುಡಿದಿಲ್ಲ, ಬೆವರು ಮಾತ್ರ ಸುರಿದಿದೆ. ರಿಟೈರ್ ಆದಮೇಲೆ ಇಷ್ಟಪಟ್ಟು ಹಿಡಿದ ಹವ್ಯಾಸ ಇದು. ಇಳಿಯಲಿ ಅಂತ ಹತ್ತಿದರೆ ಏರುತ್ತೆ ಅಂದರೆ ಸಿಟ್ಟು ಬರಲ್ವಾ?

ಮೊದಲು ಅನುಮಾನ ಬಂದಿದ್ದು ಮೀಟರ್ ಮೇಲೆ. 100 ದಾಟಿದ ಮೇಲೆ ಮನೆಯ ಮೀಟರು ಶೇ. 15ರಷ್ಟು ಹೆಚ್ಚುಕಡಿಮೆ ತೋರಿಸಿದರೆ ಮಾನದಂಡವೇ ಒಪ್ಪುತ್ತದೆ. ಆ ಲೆಕ್ಕ ಹಾಕಿದರೂ ಈ ಎರಡು ಅಂಕಿ ತಾಳೆಯಾಗಲಿಲ್ಲ. ಆಮೇಲೆ ರಕ್ತದ ಹನಿ ಹಾಕುವ ಸ್ಟ್ರಿಪ್ ಮೇಲೆ. ಆನ್‌ಲೈನ್‌ನಲ್ಲಿ ತರಿಸಿದ ಡಬ್ಬಿಯ ಎಕ್ಸ್‌ಪೈರಿ ಮುಂದಿನ ತಿಂಗಳೇ ಇತ್ತು. ವಾಪಸ್ ತಗೊಳ್ಳಿ ಅಂದರೆ ಉತ್ತರವೇ ಇಲ್ಲ. ಪೆನ್ಷನ್ ದುಡ್ಡಲ್ಲಿ ತರಿಸುವವರಿಗೆ ಹೀಗೆ ಮಾಡಬಾರದು. ಪೇಟೆಯಲ್ಲಿ ಹೊಸ ಡಬ್ಬಿ ತಂದೆ. ಅದರಲ್ಲೂ ಅದೇ ಕಥೆ.

ಡಾಕ್ಟರು ಕೇಳಿದ್ದು ಒಂದೇ ಮಾತು: ‘ಎಷ್ಟು ಜೋರಾಗಿ ಹತ್ತುತ್ತೀರಿ ಸಾರ್?’

ಏದುಸಿರು ಬರುವ ಹಾಗೆ ಹತ್ತಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯು ಬಳಸಿದ್ದಕ್ಕಿಂತ ಲಿವರ್ ಬಿಟ್ಟಿದ್ದು ಜಾಸ್ತಿಯಾದರೆ ಅಂಕಿ ಮೇಲೇರುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ವ್ಯಾಯಾಮದ ಲಾಭ ಮರುದಿನದವರೆಗೂ ಉಳಿಯಬಹುದು. ಅಂದರೆ ಬೆಟ್ಟದಿಂದ ಕೆಟ್ಟದ್ದೇನೂ ಆಗಿರಲಿಲ್ಲ.

ಈಗ ಜೊತೆಗಿದ್ದವರ ಹತ್ತಿರ ಮಾತಾಡಿಕೊಂಡೇ ಹತ್ತುವಷ್ಟು ನಿಧಾನ. ನಿನ್ನೆ ಅದೇ ಬಸವನ ಮುಂದೆ 109! ಖುಷಿಗೆ ಅಲ್ಲಿಂದಲೇ ಮನೆಯಾಕೆಗೆ ಫೋನ್ ಮಾಡಿದೆ.

ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುವವರು ಮಾತ್ರ ಜೋಪಾನ. ಹೆಚ್ಚು ಹೊತ್ತು ಹತ್ತಿದರೆ ಶುಗರ್ ತೀರಾ ಕಡಿಮೆಯಾಗಿ 70ರ ಕೆಳಗೆ ಜಾರಬಹುದು. ಗ್ಲುಕೋಸ್ ಪುಡಿ ಪ್ಯಾಂಟಿನ ಜೇಬಲ್ಲೇ ಇರಲಿ. ಕೈಯಲ್ಲಿ ಕವರ್ ಕಂಡರೆ ಅಲ್ಲಿನ ಕೋತಿಗಳು ಬಿಡಲ್ಲ.

ಮುಂದಿನದು ಮುಳಬಾಗಿಲು ಕಡೆಯ ಆವಣಿ ಬೆಟ್ಟ. ಮೇಲೆ ಸೀತಮ್ಮನ ಗುಡಿ ಇದೆ, ನೋಡಬೇಕೆಂದು ತುಂಬಾ ಆಸೆ. ಆದರೆ ಬಂಡೆ ಇಳಿಯುವಾಗ ಹೆಬ್ಬೆರಳು ಶೂಗೆ ಒತ್ತುತ್ತದೆ. ನಮ್ಮಂಥ ಶುಗರ್ ಕಾಯಿಲೆಯವರ ಕಾಲಲ್ಲಿ ಗುಳ್ಳೆ ಎದ್ದರೆ ಬೇಗ ಮಾಯುವುದಿಲ್ಲ. ಅಂಗಡಿಯವರು ಕೊಡುವುದೆಲ್ಲ ಮುಂದೆ ಚೂಪಾದ ಶೂಗಳೇ, ಒಂದು ನಂಬರ್ ದೊಡ್ಡದು ಹಾಕಿಕೊಳ್ಳಿ ಅಂತಾರೆ. ಹಾಗೆ ಮಾಡಿದರೆ ಹಿಮ್ಮಡಿ ಉಜ್ಜುತ್ತದೆ. ಬೆರಳ ಕಡೆ ಅಗಲ ಇರುವ ಶೂ ಕೋಲಾರದಲ್ಲಿ ಎಲ್ಲಿ ಸಿಗುತ್ತೆ, ಗೊತ್ತಿದ್ದವರು ದಯವಿಟ್ಟು ಹೇಳಿ.