ನೋವಿನ ಚೀಲ ಮೇಜಿನ ಮೇಲೆ ಸುರಿಸಿ ನೋಡಿ

ನಮ್ಮ ಫಿಸಿಯೋಥೆರಪಿ ಕೋಣೆಗೆ ‘ಕರೆಂಟ್ ಹಿಡಿಸ್ಕೊಳ್ಳೋಕೆ’ ಬರುವವರಲ್ಲಿ ಒಂದೇ ಪದ್ಧತಿಯನ್ನು ನೆಚ್ಚಿಕೊಂಡವರು ಅಪರೂಪ. ಕೈಯಲ್ಲಿ ಮೂಳೆ ಡಾಕ್ಟರ ಚೀಟಿ, ಮಂಡಿಯಲ್ಲಿ ಮಹಾನಾರಾಯಣ ತೈಲದ ವಾಸನೆ, ಮನೆಯಲ್ಲಿ ಯಾರೋ ಕೊಟ್ಟ ಪುಡಿ. ಅಲೋಪತಿ, ಆಯುರ್ವೇದ ಎರಡನ್ನೂ ಬೆರೆಸಬಹುದೇ ಅಂತ ನಾವು ಚರ್ಚೆ ಮಾಡ್ತೀವಿ. ಅವರು ಬೆರೆಸಿ ವರ್ಷಗಳೇ ಆಗಿವೆ. ಆದರೆ ಡಾಕ್ಟರಿಗೆ ಕಷಾಯದ ಸುದ್ದಿ ಗೊತ್ತಿಲ್ಲ, ಆಯುರ್ವೇದ ವೈದ್ಯರಿಗೆ ಮಾತ್ರೆಯ ಸುದ್ದಿ ಗೊತ್ತಿಲ್ಲ. ಬೈತಾರೆ ಅಂತ ಎರಡು ಕಡೆಯೂ ಬಾಯಿ ಬಿಡಲ್ಲ.

‘ಏನು ಔಷಧಿ ತಗೋತಿದೀರಿ’ ಅಂತ ಕೇಳಿದರೆ ‘ಬಿಪಿದೊಂದೇ ಮೇಡಂ’ ಅನ್ನುವವರೇ ಜಾಸ್ತಿ. ಹಾಗಾಗಿ ಈಗ ‘ನೋವಿಗೆ ಅಂತ ಮನೇಲಿ ಏನೇನಿದೆಯೋ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ’ ಅನ್ನುತ್ತೇನೆ.

ಮಂಡಿ ಸವೆತದ ಒಬ್ಬ ಅಮ್ಮನ ಚೀಲದಿಂದ ಅಸಿಕ್ಲೋಫೆನಾಕ್-ಪ್ಯಾರಸಿಟಮಾಲ್ ಅನ್ನುವ ನೋವಿನ ಮಾತ್ರೆಯ ಸ್ಟ್ರಿಪ್, ಮೈಕೈ ನೋವಿಗೆ ಡೋಲೋ 650, ಆಯುರ್ವೇದದ ಗುಗ್ಗುಲು ಡಬ್ಬಿ, ಕಾಗದದಲ್ಲಿ ಕಟ್ಟಿದ ಹೆಸರಿಲ್ಲದ ಪೊಟ್ಟಣಗಳು ಹೊರಬಂದವು. ಮೊದಲೆರಡರಲ್ಲೂ ಪ್ಯಾರಸಿಟಮಾಲ್ ಇದೆ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ಗುಗ್ಗುಲು ಡಬ್ಬಿಯ ಲೇಬಲ್ ತಿರುಗಿಸಿ ನೋಡಿದೆ: ಯೋಗರಾಜ, ಮಹಾಯೋಗರಾಜ ಅಲ್ಲ. ಮಹಾಯೋಗರಾಜಕ್ಕೆ ನಾಗಭಸ್ಮ, ಅಂದರೆ ಸೀಸದ ಭಸ್ಮ ಸೇರುತ್ತೆ. ಅದನ್ನು ಯಾರೂ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬಾರದು.

ಇನ್ನು ಪೊಟ್ಟಣ. ‘ಈ ಪುಡಿ ದೇವ್ರಂಗೆ ಕಣಮ್ಮ, ಅರ್ಧ ದಿನಕ್ಕೆ ನೋವು ಮಾಯ’ ಅಂದರು. ಮುಖ ದುಂಡಗೆ ಊದಿತ್ತು, ಶುಗರ್ ಹತೋಟಿ ತಪ್ಪಿತ್ತು. ಲೇಬಲ್ ಇಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಹಾಗಂತ ಸಿಟ್ಟಿನಲ್ಲಿ ‘ಬಿಸಾಕಿ’ ಅನ್ನುವಂತಿಲ್ಲ. ಬಹಳ ಕಾಲ ಸ್ಟೀರಾಯ್ಡ್ ಹೊಟ್ಟೆಗೆ ಹೋಗಿದ್ದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸೋದು ಕಮ್ಮಿ ಮಾಡಿರುತ್ತೆ. ದಿಢೀರ್ ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಪೊಟ್ಟಣದ ಸಮೇತ ಫಿಸಿಷಿಯನ್ ಹತ್ತಿರ ಕಳಿಸಿದೆ, ಅವರು ಹಂತಹಂತವಾಗಿ ಬಿಡಿಸಿದರು.

ಆಮೇಲೆ ಆ ಅಮ್ಮನ ವೈದ್ಯರಿಗೂ ಫೋನ್ ಮಾಡಿದೆ. ಅಂದುಕೊಂಡಷ್ಟು ದೂರದಲ್ಲಿ ನಾವಿಬ್ಬರೂ ಇರಲಿಲ್ಲ. ಕೀಲು ಕೆಂಪಗೆ, ಬಿಸಿಯಾಗಿ ಊದಿದ್ದರೆ ನಾನು ಮಸಾಜ್ ಮಾಡಲ್ಲ. ಆಮವಾತ, ಅಂದರೆ ಕೀಲು ಊದಿ ನೋಯುವ ವಾತ, ಅಂತ ಗೊತ್ತಾದರೆ ಅವರೂ ಎಣ್ಣೆ ಮುಟ್ಟಿಸಲ್ಲ, ಬಿಸಿ ಮರಳಿನ ಗಂಟಿನಿಂದ ಒಣ ಶಾಖ ಕೊಡ್ತಾರೆ. (ಊದಿದ ಕೀಲಿಗೆ ಶಾಖವೇ ಬೇಡ ಅನ್ನೋದು ನನ್ನ ತಕರಾರು, ಅದಿನ್ನೂ ಇತ್ಯರ್ಥ ಆಗಿಲ್ಲ.) ಮನೆಯವರು ಮಾತ್ರ ಅದೇ ಕೀಲಿಗೆ ಎಣ್ಣೆ ಹಾಕಿ ಗಸಗಸ ತಿಕ್ಕುತ್ತಿರುತ್ತಾರೆ.

ಸವೆತದ ಮಂಡಿಗೆ ಅವರು ಜಾನುಬಸ್ತಿ ಮಾಡ್ತಾರೆ: ಮಂಡಿ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ನಿಲ್ಲಿಸೋದು. ಸವೆದದ್ದು ಅದರಿಂದ ಮತ್ತೆ ಬೆಳೆಯುತ್ತೆ ಅಂತ ನಾನು ನಂಬಲ್ಲ. ನೋವಿನ ಮಾತ್ರೆಯಿಂದಲೂ ಬೆಳೆಯಲ್ಲ ಬಿಡಿ. ಆದರೆ ಬಿಗಿತ ಸಡಿಲಾದ ಆ ಹೊತ್ತು ನನಗೆ ಬೇಕು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಹಿಡಿಯಲು ಹೇಳಿದರೆ, ನಿನ್ನೆ ‘ಅಯ್ಯೋ’ ಅಂದವರು ಇವತ್ತು ಒತ್ತುತ್ತಾರೆ. ತೊಡೆಯ ಸ್ನಾಯು ಗಟ್ಟಿಯಾದಂತೆ ಮಾತ್ರೆಯ ಅಗತ್ಯವೂ ಕಮ್ಮಿಯಾಗುತ್ತೆ. ಆ ಅಮ್ಮನಿಗೆ ಡಾಕ್ಟರು ದಿನಾ ನುಂಗುವ ನೋವಿನ ಮಾತ್ರೆ ನಿಲ್ಲಿಸಿ ಡೈಕ್ಲೋಫೆನಾಕ್ ಜೆಲ್ ಬರೆದರು. ಬಿಪಿ ಇರುವವರಿಗೆ ಅದು ಒಳ್ಳೆಯದೇ.

ಶುಗರ್ ಇರುವವರ ಕಾಲಿಗೆ ಶಾಖ ಕೊಡುವ ಮುಂಚೆ ಕಣ್ಣು ಮುಚ್ಚಿಸಿ, ಬಿಸಿನೀರು, ತಣ್ಣೀರು ತುಂಬಿದ ಎರಡು ಟೆಸ್ಟ್ ಟ್ಯೂಬ್ ಒಂದೊಂದಾಗಿ ಚರ್ಮಕ್ಕೆ ತಾಗಿಸುತ್ತೇನೆ. ಯಾವುದು ಬಿಸಿ ಅಂತ ತಡವರಿಸಿದರೆ ಆ ಕಾಲಿಗೆ ನನ್ನ ವ್ಯಾಕ್ಸ್ ಬಾತೂ (ಬಿಸಿ ಮೇಣದ ಶಾಖ) ಇಲ್ಲ, ವೈದ್ಯರ ಬಿಸಿ ಎಣ್ಣೆಯೂ ಇಲ್ಲ.

ಚೀಲದಲ್ಲಿ ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಇಬ್ಬರಿಗೂ ತೋರಿಸಿ ಅಂತ ಕೊಟ್ಟು ಕಳಿಸುತ್ತೇನೆ. ಕೆಲವು ಡಾಕ್ಟರು ಓದ್ತಾರೆ, ಕೆಲವರು ಪಕ್ಕಕ್ಕಿಡ್ತಾರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರಾದರೆ ಹಾಳೆಯನ್ನು ನಂಬಿ ಕೂರಲ್ಲ, ನಾನೇ ಫೋನ್ ಮಾಡ್ತೀನಿ. ಅವರಿಗೆ ವಿಂಟರ್‌ಗ್ರೀನ್ ಎಣ್ಣೆ ಇರುವ ನೋವಿನ ಮುಲಾಮು ಜಾಸ್ತಿ ಹಚ್ಚಿದರೂ ರಕ್ತಸ್ರಾವದ ಅಪಾಯ ಏರುತ್ತೆ.