ತಗಡಿನ ಆಚೆಯಿಂದ ಕೇಳಿದ್ದು

ಹೋದ ತಿಂಗಳು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಚಿತ್ರಕಥೆ ಬಗ್ಗೆ ಮಾತಾಡಲು ಕರೆದಿದ್ದರು. ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದಳು. ‘ಸರ್, ಯಾವ ಹಾಡು ಕೇಳಿ ನಿಮಗ ಬರೀಬೇಕು ಅನಿಸ್ತು?’ ನಾನು ಯಾವುದೋ ಹಳೆಯ ಸಿನಿಮಾ ಹಾಡಿನ ಹೆಸರು ಹೇಳಿಬಿಟ್ಟೆ. ಚಪ್ಪಾಳೆ ಬಿತ್ತು. ಹೇಳಿದ್ದು ಸುಳ್ಳು. ಬಸ್ಸಿನಲ್ಲಿ ಕೂತು ನಿಜವಾಗಿ ಯೋಚಿಸಿದರೆ ಮೊದಲು ನೆನಪಾಗಿದ್ದು ಹಾಡೇ ಅಲ್ಲ, ಅಪ್ಪನ ಮಗ್ಗ.

ನಮ್ಮದು ಗುಳೇದಗುಡ್ಡ. ಕುಪ್ಪಸದ ಬಟ್ಟೆ, ಖಣ, ನೇಯುವ ಊರು. ಬೆಳಗಾದರೆ ಓಣಿ ತುಂಬ ಖಟಕ್ ಖಟಕ್. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಏಳುತ್ತಿದ್ದದ್ದು ಊಟಕ್ಕೇ. ಅವ್ವ ಒಳಗೆ ರೊಟ್ಟಿ ಬಡಿಯುತ್ತಲೇ ಆ ಸದ್ದಿನ ಲೆಕ್ಕ ಹಿಡಿಯುತ್ತಿದ್ದಳು. ಚೂರು ನಿಂತರೆ ಲಾಳಿಯ ಕಂಡಿಕೆ, ಅಂದರೆ ನೂಲು ಸುತ್ತಿದ ಕೊಳವೆ, ಬದಲಿಸುತ್ತಿದ್ದಾನೆ ಅಂತ. ಇನ್ನೊಂದಿಷ್ಟು ಜಾಸ್ತಿ ನಿಂತರೆ ‘ಎಳಿ ಹರೀತು’ ಅನ್ನುತ್ತಿದ್ದಳು. ಅದಕ್ಕೂ ಜಾಸ್ತಿ ಆದರೆ ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಿದ್ದಳು. ಬಾಗಿಲಲ್ಲಿ ಸಾಹುಕಾರ ನಿಂತಿರುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಅವ್ವನ ಮುಖ ಬಾಡಿರುತ್ತಿತ್ತು.

ಇವತ್ತಿಗೂ ನಾನು ಸ್ಕ್ರಿಪ್ಟಿನಲ್ಲಿ ‘ಮೌನ’ ಅಂತ ಸುಮ್ನೆ ಬರೆಯುವುದಿಲ್ಲ. ಯಾವ ಮೌನ? ಕಂಡಿಕೆ ಬದಲಿಸುವಷ್ಟಾ, ಎಳೆ ಕೂಡಿಸುವಷ್ಟಾ, ಸಾಹುಕಾರ ಬಂದಷ್ಟಾ?

ಮಗ್ಗ ನಿಲ್ಲಲು ಇನ್ನೊಂದು ಕಾರಣವೂ ಇತ್ತು. ನಮ್ಮ ಆಯಿಯ, ಅಂದರೆ ಅಜ್ಜಿಯ, ತವರು ಬೀಳಗಿ. ಅಮೀರಬಾಯಿ ಕರ್ನಾಟಕಿ ಅವರದೂ ಅದೇ ಊರು. 1943ರ ‘ಕಿಸ್ಮತ್’ ಹಿಂದಿ ಚಿತ್ರದಲ್ಲಿ, ಅನಿಲ್ ಬಿಸ್ವಾಸ್ ಸಂಗೀತದಲ್ಲಿ ಹಾಡಿದವರು. ಅವರ ಸೋದರಿ ಗೋಹರಬಾಯಿ ಮರಾಠಿ ರಂಗಭೂಮಿಯ ನಟ ಬಾಲಗಂಧರ್ವರ ನಾಟಕ ಕಂಪನಿಯಲ್ಲಿದ್ದರು. ಆಯಿಗೆ ಹಿಂದಿಯ ಒಂದಕ್ಷರ ಬರುತ್ತಿರಲಿಲ್ಲ. ಆದರೆ ರೇಡಿಯೊದಲ್ಲಿ ಆ ದನಿ ಬಂದರೆ ಸಾಕು, ‘ಏ ತಮ್ಮಾ, ಮಗ್ಗ ನಿಂದರಸೋ, ನಮ್ಮ ಬೀಳಗಿ ಹುಡುಗಿ ಹಾಡಾಕತ್ತಾಳ’ ಅಂತ ಕೂಗುತ್ತಿದ್ದಳು. ಆ ಹುಡುಗಿ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು ಅನ್ನುವುದು ಬೇರೆ ಮಾತು. ಅಪ್ಪ ನಿಲ್ಲಿಸುತ್ತಿದ್ದ. ಹಾಡು ಮುಗಿಯುವ ತನಕ ಲಾಳಿ ಕೈಯಲ್ಲೇ.

ಆಮೇಲೆ ಓಣಿಗೆ ಪವರ್‌ಲೂಮ್ ಬಂತು. ಅದಕ್ಕೆ ಬಿಡುವೇ ಇಲ್ಲ. ರೇಡಿಯೊ ಕಪಾಟು ಸೇರಿತು.

ಇನ್ನು ಬನಶಂಕರಿ ಜಾತ್ರೆ. ಇದನ್ನು ಹೇಳದೆ ನನ್ನ ಕಥೆ ಹೇಳಲು ಆಗುವುದಿಲ್ಲ. ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ತೇರು ಎಳೆಯುತ್ತಾರೆ. ಜಾತ್ರೆ ಮಾತ್ರ ವಾರಗಟ್ಟಲೆ ನಡೆಯುತ್ತದೆ. ಬಾಗಿಲು ಚೌಕಟ್ಟಿನಿಂದ ಹಿಡಿದು ಬಳೆಯವರೆಗೆ ಎಲ್ಲ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ನಾಟಕ ಕಂಪನಿಗಳು. ಅಕ್ಕಪಕ್ಕದಲ್ಲೇ ತಗಡಿನ ಥೇಟರ್ ಹಾಕಿ ರಾತ್ರಿಯೆಲ್ಲ ಆಡುತ್ತಾರೆ. ಒಬ್ಬರ ಮೈಕಿನ ಅಳು ಇನ್ನೊಬ್ಬರ ಮೈಕಿನ ಹಾಡಿಗೆ ಸೇರಿಕೊಳ್ಳುತ್ತದೆ.

ಆಯಿ ಅಲ್ಲಿ ತಾಡಪತ್ರಿ ಹಾಸಿ ಖಣ ಮಾರುತ್ತಿದ್ದಳು. ನಾನು ಜೊತೆಗೆ. ದಾರಿ ಪಕ್ಕದ ಜಾಗಕ್ಕೆ ಬಾಡಿಗೆ ಜಾಸ್ತಿ. ಹಾಗಾಗಿ ನಮ್ಮದು ಒಂದು ಥೇಟರಿನ ಹಿಂದುಗಡೆ. ರಾತ್ರಿ ಗಂಟು ಕಟ್ಟಿ, ಅದನ್ನೇ ತಲೆದಿಂಬು ಮಾಡಿ ಮಲಗುತ್ತಿದ್ದೆವು. ಕಿವಿಯ ಪಕ್ಕದಲ್ಲೇ ತಗಡು, ತಗಡಿನ ಆಚೆ ರಂಗದ ಹಿಂಬದಿ. ಟಿಕೆಟಿಗೆ ದುಡ್ಡಿರಲಿಲ್ಲ. ಇಡೀ ನಾಟಕ ಕೇಳಿದ್ದೇ, ನೋಡಿದ್ದಲ್ಲ.

ಕೇಳಿದ್ದು ಕೂಡ ಉಲ್ಟಾ ಕಡೆಯಿಂದ. ಮುಂದುಗಡೆ ಪರದೆ ಇಳಿಬಿಟ್ಟು, ಅದರ ಮುಂದೆ ಕಾಮಿಕ್ ಪಾತ್ರಧಾರಿ ಜನರನ್ನು ನಗಿಸುತ್ತಿದ್ದ. ಆ ನಗುವಿನ ಸದ್ದಿನ ಮರೆಯಲ್ಲೇ ಹಿಂದೆ ಮಂಚ ಎಳೆಯುತ್ತಿದ್ದರು. ಸುತ್ತಿಗೆ ಪೆಟ್ಟು. ‘ಮೆಲ್ಲಕ ಎತ್ರಲೇ!’ ಅಂತ ಪಿಸುದನಿಯ ಬೈಗಳು. ಮುಂದಿನ ದೃಶ್ಯದಲ್ಲಿ ಸಾಯಬೇಕಾದ ತಾಯಿ ಚಹಾ ಹೀರುತ್ತ, ಮಗಳ ಶಾಲೆ ಫೀಜಿನ ಮಾತಾಡುತ್ತಿದ್ದಳು. ಕಾಲು ಹಾರ್ಮೋನಿಯಂನಿಂದ ಒಂದು ಸ್ವರ ಬರುತ್ತಿತ್ತು. ಚಹಾದ ಕಪ್ಪು ಕೆಳಗಿಟ್ಟ ಸದ್ದು. ಮರುಗಳಿಗೆಯಲ್ಲಿ ಅದೇ ದನಿ ಎದೆ ಹಿಂಡುವ ಹಾಗೆ ಅಳುತ್ತಿತ್ತು. ಒಂದು ಸಾವಿನ ಸೀನಿಗೆ ಮೊದಲು ಎಷ್ಟು ಹೊತ್ತು ನಗಬೇಕು? ಮಂಚ ಹಾಕಿ ಮುಗಿಯುವಷ್ಟು. ನನಗೆ ಗೊತ್ತಿದ್ದ ಲೆಕ್ಕ ಅದೊಂದೇ.

ನೋಡದೇ ಕೇಳಿದ್ದರಿಂದ ಮುಖಗಳನ್ನು ನಾನೇ ಮಾಡಿಕೊಳ್ಳುತ್ತಿದ್ದೆ. ಖಳನಾಯಕನ ದನಿಗೆ ಆರಡಿ ಆಳು, ಕೆಂಪು ಕಣ್ಣು, ಗಿರಿಜಾ ಮೀಸೆ ಕೊಟ್ಟಿದ್ದೆ. ಒಂದು ಮುಂಜಾನೆ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಮೊಸರು ಮಾರುವ ಅವ್ವಂದಿರ ಮುಂದೆ ಕೂತಿದ್ದೆ. ಪಕ್ಕದಲ್ಲಿ ಸಣಕಲು ಮನುಷ್ಯ, ಕಂಕುಳಲ್ಲಿ ಒಂದು ಕೂಸು. ‘ಇನ್ನ ಚೂರು ಚಟ್ನಿ ಹಾಕವ್ವಾ’ ಅಂದ. ನನ್ನ ಕೈಯಿಂದ ರೊಟ್ಟಿ ಬಿತ್ತು. ಹಿಂದಿನ ರಾತ್ರಿ ಒಂದು ಊರನ್ನೇ ಸುಟ್ಟ ದನಿ ಅದು!

ಬೆಂಗಳೂರಿನ ವರ್ಷಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರ ಕಥೆಯೂ ಒಂದೇ. ಮೊದಲ ಚಿತ್ರದಲ್ಲಿ ಅಜ್ಜ ಸಾಯುವ ಮುಂಚೆ ಎರಡು ನಿಮಿಷದ ತಮಾಷೆ ಬರೆದಿದ್ದೆ. ‘ಸಾವಿನ ಮುಂದೆ ಕಾಮಿಡಿ ಯಾಕ್ರೀ, ತೆಗೀರಿ’ ಅಂದರು. ತೆಗೆದೆ. ಹೊಸಬ, ಇನ್ನೇನು ಮಾಡಲಿ? ಥೇಟರಿನಲ್ಲಿ ಅಜ್ಜ ಸತ್ತಾಗ ನನ್ನ ಸಾಲಿನ ನಾಲ್ಕು ಜನ ಚಹಾಕ್ಕೆ ಎದ್ದು ಹೋದರು.

ಈ ಸಲ ಜಾತ್ರೆಗೆ ಹೋದಾಗ ಮುಂದಿನ ಸಾಲಿನ ಟಿಕೆಟ್ ತಗೊಂಡೆ. ಬಣ್ಣದ ಲೈಟು, ಸೌಂಡು, ಎಲ್ಲ ಜೋರು. ಅರ್ಧ ತಾಸು ಕೂತೆ, ಮನಸ್ಸು ಹತ್ತಲಿಲ್ಲ. ಕಾಮಿಕ್ ಶುರುವಾದಾಗ ಎದ್ದು ಹಿಂದುಗಡೆ ಹೋಗಿ ತಗಡಿಗೆ ಕಿವಿಕೊಟ್ಟು ನಿಂತೆ. ಮಂಚ ಎಳೆಯುತ್ತಿದ್ದರು.

ಬೀಡಿ ಸೇದುತ್ತ ನಿಂತಿದ್ದ ರಂಗದ ಹುಡುಗನೊಬ್ಬ ಹತ್ತಿರ ಬಂದ. ‘ಯಾರು ಬೇಕಾಗಿತ್ರೀ?’

‘ಯಾರೂ ಇಲ್ಲೋ, ಸುಮ್ನ ಕೇಳಾಕತ್ತೀನಿ.’

‘ಪುಗಸಟ್ಟೆ ಕೇಳೂದ್ಯಾಕ್ರೀ, ಟಿಕೇಟ್ ತಗೊಂಡು ಒಳಗ ಕುಂಡ್ರಿ.’

ಜೇಬಿನಿಂದ ಟಿಕೆಟ್ ತೆಗೆದು ತೋರಿಸಿದೆ. ಅವನು ಒಮ್ಮೆ ಟಿಕೆಟ್ ನೋಡಿದ, ಒಮ್ಮೆ ನನ್ನ ಮುಖ ನೋಡಿದ, ಬೀಡಿ ಆರಿಸಿ ಒಳಗೆ ಹೋದ.